ಬೆತ್ತದ ಬೆಂಚು: ಒಂದು ರಂಧ್ರಮೀಮಾಂಸೆ

ಬೆತ್ತದ ಬೆಂಚಿನ ಮೇಲೆ ಕೂತವನು ನಿಜಕ್ಕೂ ಕೂತಿರುವುದು ಯಾತರ ಮೇಲೆ? ಬೆತ್ತದ ಮೇಲೆ ಎಂದು ಪಾಮರರು ತಟ್ಟನೆ ಹೇಳಿಬಿಡುತ್ತಾರೆ. ಬಗ್ಗಿ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ತೂತು. ಆಸನವೆಂದರೆ ತೂತುಗಳ ಸಮೂಹ, ಬೆತ್ತ ಅವಕ್ಕೆ ಹಾಕಿದ ಬೇಲಿ ಎನ್ನುವುದು ರಂಧ್ರವಾದಿಗಳ ಪಕ್ಷ. ‘ಹಾಗಾದರೆ ಬೆತ್ತ ಕಿತ್ತು ಬರೀ ತೂತಿನ ಮೇಲೆ ಕೂತು ತೋರಿಸಿ’ ಎಂಬುದು ಬೆತ್ತವಾದಿಗಳ ಖಂಡನೆ. ಇದರಲ್ಲಿ ತರ್ಕಕ್ಕಿಂತ ತುಂಟತನವೇ ಹೆಚ್ಚಾದ್ದರಿಂದ ನಾವು ಗಣನೆಗೆ ತೆಗೆದುಕೊಂಡಿಲ್ಲ.

ಇನ್ನು ಪ್ರಮಾಣ ವಿಚಾರ. ಪಂಚೆ ಮೇಲೆತ್ತಿ ಕಟ್ಟಿಕೊಂಡು ಅರ್ಧ ಗಂಟೆ ಕೂತೆದ್ದವನ ತೊಡೆಯ ಹಿಂಭಾಗದಲ್ಲಿ ಎಂಟು ಮೂಲೆಯ ಅಚ್ಚುಗಳು ಸಾಲಾಗಿ ಮೂಡಿರುತ್ತವೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಈ ತೊಡೆಯಿಂದ ಬೆಂಚನ್ನು ಊಹಿಸಬಹುದು. ಗಮನಿಸಬೇಕಾದದ್ದು, ಬೆತ್ತ ಒತ್ತಿದ ಜಾಗ ತಗ್ಗು, ತೂತಿದ್ದ ಜಾಗ ಉಬ್ಬು. ತೂತು ಏನೂ ಅಲ್ಲವಾದರೆ ಉಬ್ಬು ಎಲ್ಲಿಂದ ಬಂತು? ಬೆತ್ತವಾದಿಗಳು ಇದಕ್ಕೆ ಇನ್ನೂ ಉತ್ತರಿಸಿಲ್ಲ; ತೊಡೆ ಉಜ್ಜಿಕೊಳ್ಳುತ್ತಿದ್ದಾರೆ.

ಚೌಕಟ್ಟಿನ ವಿಷಯದಲ್ಲಿ ಮತಭೇದ ಕಡಿಮೆ. ಸಾಗುವಾನಿಯೋ ಹಲಸೋ, ಕಾಲಿನಲ್ಲಿ ಉಳಿಯಿಂದ ಕಂಡಿ ತೋಡಿ, ಪಟ್ಟಿಯ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ, ಕೊಡತಿಯಿಂದ ಬಡಿದು ಕೂರಿಸಿದರಾಯಿತು. ಬಿಗಿದ ಬೆತ್ತ ಉದ್ದದ ಪಟ್ಟಿಗಳೆರಡನ್ನೂ ಒಳಕ್ಕೆ ಎಳೆಯುವುದರಿಂದ ನಡುವೆ ಒಂದು ಅಡ್ಡಪಟ್ಟಿ ಬೇಕು, ಅದೂ ಹೆಣಿಗೆಗೆ ತಾಗದಂತೆ ತುಸು ತಗ್ಗಿನಲ್ಲಿ. ಇಲ್ಲದಿದ್ದರೆ ಬೆಂಚಿಗೆ ಸೊಂಟ ಬರುತ್ತದೆ. ಆಮೇಲೆ ಬೈರಿಗೆ ಹಿಡಿದು ಸುತ್ತಲೂ ಸುಮಾರು ಅರ್ಧ ಇಂಚಿಗೊಂದು ತೂತು. ಇಲ್ಲಿ ರಂಧ್ರವಾದಿಗಳು ಎದ್ದು ನಿಂತು, ತೂತಿಲ್ಲದೆ ಬೆತ್ತಕ್ಕೆ ಪ್ರವೇಶವೇ ಇಲ್ಲ, ಆದ್ದರಿಂದ ತೂತೇ ಆದಿ ಎಂದು ಘೋಷಿಸಿ ಕಾಫಿಗೆ ಹೋಗುತ್ತಾರೆ.

ಬೆತ್ತ ಹುಲ್ಲಲ್ಲ, ಬಿದಿರಲ್ಲ. ಮುಳ್ಳುಗಳಿಂದ ಪಕ್ಕದ ಮರಕ್ಕೆ ಕೊಕ್ಕೆ ಹಾಕಿ ಮೇಲೇರುವ ತಾಳೆ ಜಾತಿಯ ಬಳ್ಳಿ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಇದು ಮೇಷ್ಟರ ಕೈಯಲ್ಲೂ ಇತ್ತು, ಮೇಷ್ಟರ ಕುರ್ಚಿಯಲ್ಲೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಕೈಯಲ್ಲಿದ್ದುದನ್ನು ಕೆಳಗಿಳಿಸಿತು. ಕುರ್ಚಿಯಲ್ಲಿದ್ದುದರ ಬಗ್ಗೆ ಕಾಯ್ದೆ ಮೌನವಾಗಿದೆ.

ಹೆಣೆಯುವುದು ಹೀಗೆ. ಹೊಳೆಯುವ ಹೊರಸಿಪ್ಪೆಯನ್ನು ಸೀಳಿ ತೆಗೆದ ಎಳೆಗಳನ್ನು ಕಾಲು ಗಂಟೆ ನೀರಲ್ಲಿ ನೆನೆಸಬೇಕು. ಹೊಳಪು ಮೇಲ್ಮುಖ. ಮೊದಲ ಸುತ್ತು ಹಿಂದಿನಿಂದ ಮುಂದಕ್ಕೆ, ಅದರ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಹಿಂದಿನಿಂದ ಮುಂದಕ್ಕೆ. ಎಳೆ ಜಾರದಂತೆ ತೂತಿಗೆ ಪುಟ್ಟ ಗೂಟ. ಇಷ್ಟಾದರೂ ಹೆಣಿಗೆಯೆಂಬುದು ಶುರುವಾಗಿರುವುದಿಲ್ಲ, ಎಳೆಗಳು ಒಂದರ ಮೇಲೊಂದು ಸುಮ್ಮನೆ ಮಲಗಿರುತ್ತವೆ. ನಾಲ್ಕನೆಯ ಸುತ್ತಿನ ಎಳೆ ಒಂದರ ಮೇಲೆ, ಇನ್ನೊಂದರ ಕೆಳಗೆ ನುಸುಳಿದಾಗಲೇ ಎಲ್ಲ ಎದ್ದು ಕೂರುವುದು. ಐದನೆಯದು, ಆರನೆಯದು ಓರೆ ಸುತ್ತುಗಳು. ಈ ಆರು ಸುತ್ತುಗಳಿಗೂ ಷಡ್ದರ್ಶನಗಳಿಗೂ ಸಂಬಂಧ ಕಲ್ಪಿಸಿ ಒಂದು ಅಧ್ಯಾಯ ಬರೆಯುವ ಆಸೆ ನಮಗಿತ್ತು; ಅಂಚಿನ ತೂತು ಮುಚ್ಚಲು ಅಗಲದ ಎಳೆಯೊಂದನ್ನು ಹೊಲಿದು ಏಳನೆಯದು ಮಾಡಿ ಬಡಗಿ ಅದನ್ನು ಕೆಡಿಸಿದ. ರಂಧ್ರವಾದಿಗಳ ಪ್ರಕಾರ ಈ ಏಳನೆಯದು ಶುದ್ಧ ಸಾಕ್ಷ್ಯನಾಶ.

ವಿದೇಶೀ ಪ್ರಮಾಣಗಳೂ ಇವೆ. 1859ರಲ್ಲಿ ಬಂದ ವಿಯೆನ್ನಾದ ಥೋನೆಟ್ ಕಂಪನಿಯ 14ನೇ ನಂಬರಿನ ಬೆತ್ತದ ಕುರ್ಚಿಯನ್ನು ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಹಿಡಿಯುತ್ತಿದ್ದವು. ತೂತನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಹಡಗೇರಿಸಿ ಕಾಸು ಮಾಡಿಕೊಂಡವರು ಅದಕ್ಕೂ ಮುಂಚೆ ಇರಲಾರರು. ಚಂಡೀಗಢಕ್ಕಾಗಿ 1950ರ ದಶಕದಲ್ಲಿ ಪಿಯೆರ್ ಜಾನ್ನರೆ ರೂಪಿಸಿದ ಸಾಗುವಾನಿ–ಬೆತ್ತದ ಕುರ್ಚಿಗಳು ಬೆತ್ತ ಹರಿದು ಗುಜರಿ ಸೇರಿ, ಅಲ್ಲಿಂದ ಯುರೋಪಿನ ಹರಾಜು ಕಟ್ಟೆಗೆ ಹೋಗಿ ಲಕ್ಷಗಟ್ಟಲೆಗೆ ಮಾರಾಟವಾದವು. ಬೆತ್ತ ಹರಿದರೆ ಉಳಿಯುವುದು ಒಂದೇ ದೊಡ್ಡ ತೂತು. ರಂಧ್ರವಾದಕ್ಕೆ ಇದಕ್ಕಿಂತ ದೊಡ್ಡ ಜಯ ಬೇಕೇ?

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಹುದ್ದೆಗೆ ಕಣ್ಣು ಕಾಣದವರನ್ನು ತೆಗೆದುಕೊಳ್ಳುತ್ತಿದ್ದರು. ಅವರ ಬೆರಳು ತೂತನ್ನೂ ಎಳೆಯನ್ನೂ ಒಂದೇ ಸವರಿಗೆ ಓದುತ್ತಿತ್ತು. ವಾದ ಮಾಡುವಷ್ಟು ಬಿಡುವು ಅವರಿಗಿರಲಿಲ್ಲವಾದ್ದರಿಂದ ಅವರ ಮತ ಯಾವುದೆಂದು ಶಾಸ್ತ್ರದಲ್ಲಿ ದಾಖಲಾಗಿಲ್ಲ.

ಕೊನೆಯದಾಗಿ, ತೂತು ಮತ್ತು ಬೆತ್ತ ಎರಡನ್ನೂ ಸಮವಾಗಿ ಒಪ್ಪಿ, ಗೂಟದ ಸಂದಿಯಲ್ಲೇ ಸಂಸಾರ ಹೂಡಿರುವ ಪಂಥವೊಂದಿದೆ: ತಿಗಣೆ. ಮನೆಯವರು ಬೆಂಚನ್ನು ಅಂಗಳಕ್ಕೆ ಎಳೆದು, ಮಗುಚಿ, ಕುದಿನೀರು ಸುರಿದು ಒಣಗಿಸುತ್ತಾರೆ. ಆಗ ಜೋತುಬಿದ್ದ ಬೆತ್ತ ನೆನೆದು, ಒಣಗುತ್ತ ಮತ್ತೆ ಬಿಗಿಯಾಗುತ್ತದೆ. ಅಂದರೆ ತಿಗಣೆ ಇಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಬಿಗಿಯಿಲ್ಲ. ಆದಕಾರಣ ತಿಗಣೆಯನ್ನು ಬೆಂಚಿನ ಎಂಟನೆಯ ಸುತ್ತೆಂದು ಅಂಗೀಕರಿಸಬೇಕೆಂದು ನಾವು ಸಭೆಯಲ್ಲಿ ಮಂಡಿಸಿದೆವು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಅಧ್ಯಕ್ಷರು ಕೆರೆದುಕೊಳ್ಳುತ್ತ ಎದ್ದು, ಮುಂದಿನ ಗೋಷ್ಠಿಗೆ ಪ್ಲಾಸ್ಟಿಕ್ ಕುರ್ಚಿ ತರಿಸಲು ಹೇಳಿದರು.