ಮುಖದಾಕ್ಷಿಣ್ಯ ಮೀಮಾಂಸೆ ಅಥವಾ ಕುಂದಾಪುರ ಸೀಮೆಯ ಉಳಿತಾಯಶಾಸ್ತ್ರ

ಆನೆಗುಡ್ಡೆಯ ವಿನಾಯಕನಿಗೆ ಕೈಮುಗಿಯದೆ ಈ ಸೀಮೆಯಲ್ಲಿ ಅಂಗಡಿಯ ಬಾಗಿಲೂ ತೆರೆಯುವುದಿಲ್ಲ, ಗ್ರಂಥದ ಪುಟವೂ ತೆರೆಯುವುದಿಲ್ಲ. ಆದರೆ ಪ್ರಸ್ತುತ ಗ್ರಂಥದ ವಿಷಯವೇ ಉಳಿತಾಯ. ಆದ್ದರಿಂದ ಕುಂಭಾಶಿಯಲ್ಲಿ ಇಳಿದು, ದರ್ಶನ ಮುಗಿಸಿ, ಮತ್ತೊಂದು ಟಿಕೇಟು ಮಾಡುವ ದುಂದನ್ನು ಪರಿಹರಿಸಿ, ಓಡುವ ಬಸ್ಸಿನ ಕಿಟಕಿಯಿಂದಲೇ ಮಂಗಳಾಚರಣೆಯನ್ನು ಪೂರೈಸಲಾಗಿದೆ. ವಿಘ್ನ ಬಂದರೆ ಕಂಡಕ್ಟರನೇ ಹೊಣೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ ದುಡ್ಡು. ಪ್ರಯೋಜನವೆಂದರೆ ಮುದಿಪ್ರಾಯದಲ್ಲಿ ಸೊಸೆಯ ಮುಖ ನೋಡದೆ ಬಿಪಿ ಮಾತ್ರೆ ತರಿಸಿಕೊಳ್ಳುವುದು. ದುಡ್ಡಿಗೂ ಗ್ರಂಥಕರ್ತನಿಗೂ ಇರುವ ಸಂಬಂಧ ದೂರದ್ದು. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾದವನು ಯಾರು ಎಂಬಲ್ಲಿ ಮಾತ್ರ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಜವಳಿ ಅಂಗಡಿಯ ಚೀಲವನ್ನು ಮಡಚಿ ಹಾಸಿಗೆಯಡಿ ಇಡುವವನು ಎಂದು ಒಂದು ಪಕ್ಷ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುವವನು ಎಂದು ಇನ್ನೊಂದು ಪಕ್ಷ. ಮದುವೆ ಕಾಗದದ ಖಾಲಿ ಬದಿಯಲ್ಲಿ ಹಾಲಿನ ಲೆಕ್ಕ ಬರೆಯುವವನೇ ಮುಖ್ಯ ಅಧಿಕಾರಿ, ಉಳಿದವರು ಗೌಣ ಎಂಬುದು ನಮ್ಮ ನಿರ್ಣಯ. ಏಕೆಂದರೆ ಅವನಲ್ಲಿ ಲೆಕ್ಕವೂ ಉಂಟು, ಕಾಗದವೂ ಉಳಿಯಿತು, ಯಾರು ಎಷ್ಟು ದಪ್ಪದ ಕಾಗದ ಹೊಡೆಸಿದರು ಎಂಬ ನೆನಪೂ ಮನೆಯಲ್ಲಿ ಉಳಿಯಿತು.

ಶಾಸ್ತ್ರದ ವ್ಯಾಪ್ತಿ ಉತ್ತರದ ಶಿರೂರಿನಿಂದ ದಕ್ಷಿಣದ ಬ್ರಹ್ಮಾವರದ ತನಕ. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ತಾಲೂಕುಗಳಾದವು. ಕಚೇರಿ ಪಾಲಾಯಿತು, ಚೌಕಾಸಿ ಪಾಲಾಗಲಿಲ್ಲ. ಗಂಗೊಳ್ಳಿಯ ಮೀನು ಸೈಬ್ರಕಟ್ಟೆಗೆ ಬಂದರೂ ‘ನೂರಕ್ಕೆ ಎಷ್ಟು?’ ಎಂಬ ಪ್ರಶ್ನೆ ಒಂದೇ. ಮೀನಿನ ಹೆಂಗಸು ಹತ್ತು ಬಂಗುಡೆ ಎಣಿಸಿ ಹಾಕಿದ ಮೇಲೆ ಹನ್ನೊಂದನೆಯದಕ್ಕಾಗಿ ನಡೆಯುವ ವಾದ ತರ್ಕಶಾಸ್ತ್ರದ ಯಾವ ವಾದಕ್ಕೂ ಕಡಿಮೆಯಲ್ಲ. ಹನ್ನೊಂದನೆಯ ಬಂಗುಡೆ ಸಿಕ್ಕಿದ ದಿನ ಮನೆಯಲ್ಲಿ ಊಟ ಹೆಚ್ಚು ರುಚಿಸುತ್ತದೆ. ಅದು ಮೀನಿನ ಗುಣವಲ್ಲ.

ಉಳಿತಾಯಕ್ಕಾಗಿಯೇ ಆಗುವ ಖರ್ಚು ಎಂಬುದೊಂದಿದೆ. ಅದನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇವೆ. ಸಾಸ್ತಾನದ ಟೋಲ್‌ಗೇಟ್ ತಪ್ಪಿಸಲು ಒಳದಾರಿ ಹಿಡಿದು, ಎರಡು ಕಡೆ ದಾರಿ ಕೇಳಿ, ಒಂದು ಕಡೆ ದನ ಎಬ್ಬಿಸಿ, ಟೋಲಿಗಿಂತ ಹೆಚ್ಚಿನ ಪೆಟ್ರೋಲು ಸುಟ್ಟು ಹೆದ್ದಾರಿಗೆ ಬಂದು ಮುಟ್ಟಿದವನ ಮುಖದಲ್ಲಿ ಕಾಣುವ ತೇಜಸ್ಸನ್ನು ಗಮನಿಸಿರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲವೆಂದಾಯಿತು. ಆದರೆ ಕರಾವಳಿಯ ರಸ್ತೆ ಬಹುಪಾಲು ಖಾಸಗಿ ಬಸ್ಸುಗಳದ್ದು. ಶಾಸ್ತ್ರಿ ಸರ್ಕಲಿನಲ್ಲಿ ನಾಲ್ಕು ಖಾಸಗಿ ಬಸ್ಸು ಬಿಟ್ಟು ಸರ್ಕಾರಿ ಬಸ್ಸಿಗೆ ಕಾದವರು ಕಾಯುವಾಗ ಒಂದು ಎಳನೀರು ಕುಡಿದರೆ ಆ ದಿನದ ಲೆಕ್ಕ ಎಲ್ಲಿಗೆ ಬಂತೆಂದು ಓದುಗರೇ ಕೂಡಿಸಿಕೊಳ್ಳಬಹುದು.

ಈಗ ಇತಿಹಾಸ. ಹಳೆಯ ದಕ್ಷಿಣ ಕನ್ನಡ ಜಿಲ್ಲೆ ದೇಶಕ್ಕೆ ಐದು ದೊಡ್ಡ ಬ್ಯಾಂಕು ಕೊಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಮೂರು 2019 ಮತ್ತು 2020ರ ಏಪ್ರಿಲ್ ಒಂದರಂದು ವಿಲೀನದಲ್ಲಿ ಹೆಸರು ಕಳೆದುಕೊಂಡವು. ಆದರೂ ನಮ್ಮ ಹಿರಿಯರು ಇವತ್ತಿಗೂ ‘ಸಿಂಡಿಕೇಟ್ ಬ್ಯಾಂಕಿಗೆ ಹೋಗಿ ಬರುತ್ತೇನೆ’ ಎಂದೇ ಹೊರಡುತ್ತಾರೆ, ಹೋಗಿಯೂ ಬರುತ್ತಾರೆ. ಇಲ್ಲದ ಬ್ಯಾಂಕಿನಿಂದ ಇರುವ ದುಡ್ಡು ತರುವ ಈ ವಿದ್ಯೆಗೆ ಅದ್ವೈತಿಗಳ ಬಳಿ ವಿವರಣೆ ಇರಬಹುದು.

ನಮ್ಮ ಶಾಸ್ತ್ರಕ್ಕೆ ಬೇಕಾದ ವರ್ಷ 1928. ಉಡುಪಿಯ ಸಿಂಡಿಕೇಟ್ ಬ್ಯಾಂಕು ಆ ವರ್ಷ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಾದರೂ ಸಾಕು. ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ಇಸಿದುಕೊಂಡು ಹೋಗುತ್ತಾನೆ. ವರ್ಷವಿಡೀ ತಪ್ಪದೆ ಕಟ್ಟಿದರೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ನೇಕಾರರೂ ಸಣ್ಣ ಅಂಗಡಿಯವರೂ ಖಾತೆದಾರರಾದದ್ದು ಹೀಗೆ. ಇದರ ಯಶಸ್ಸಿಗೆ ಅರ್ಥಶಾಸ್ತ್ರಜ್ಞರು ಅನೇಕ ಕಾರಣ ಕೊಡುತ್ತಾರೆ. ಅವೆಲ್ಲ ಸ್ಥೂಲ. ಸೂಕ್ಷ್ಮ ಕಾರಣವನ್ನು ನಾವು ಈ ಸೂತ್ರದಲ್ಲಿ ಹೇಳುತ್ತೇವೆ:

ಮುಖದಾಕ್ಷಿಣ್ಯಾತ್ ಸಂಚಯಃ, ತಸ್ಮಾದೇವ ವ್ಯಯಃ.

ಭಾಷ್ಯ: ಮುಖದಾಕ್ಷಿಣ್ಯದಿಂದ ಉಳಿತಾಯ, ಅದರಿಂದಲೇ ಖರ್ಚು. ಸಂಜೆ ಐದಕ್ಕೆ ಪಿಗ್ಮಿಯವರು ಅಂಗಡಿಯ ಎದುರು ಬೈಕು ನಿಲ್ಲಿಸುತ್ತಾರೆ. ಪಕ್ಕದ ಅಂಗಡಿಯವನು ನೂರು ಕೊಟ್ಟದ್ದನ್ನು ನೀವು ನೋಡಿದ್ದೀರಿ, ನೀವು ನೋಡಿದ್ದನ್ನು ಅವನು ನೋಡಿದ್ದಾನೆ. ‘ಇವತ್ತು ವ್ಯಾಪಾರ ಇಲ್ಲ’ ಎಂದು ಒಮ್ಮೆ ಹೇಳಬಹುದು, ಎರಡನೇ ದಿನವೂ ಹೇಳಬಹುದು. ಮೂರನೇ ದಿನ ಹೇಳಿದರೆ ಊರಿನಲ್ಲಿ ‘ಅವರ ಅಂಗಡಿ ಸ್ವಲ್ಪ ಕಷ್ಟದಲ್ಲಿ ಉಂಟಂತೆ’ ಎಂಬ ಮಾತು ಹುಟ್ಟುತ್ತದೆ. ಆ ಮಾತಿಗೆ ಅಂಜಿ ಗಲ್ಲಾಪೆಟ್ಟಿಗೆಯ ಮೂಲೆಯಿಂದ ಐವತ್ತರ ನೋಟು ಹೊರಬರುತ್ತದೆ. ದಿನಕ್ಕೆ ಐವತ್ತಾದರೆ ವರ್ಷಕ್ಕೆ 18,250. ಮಹಿಳಾ ಸಂಘದ ವಾರದ ಕಂತು, ಚೀಟಿಯ ತಿಂಗಳ ಕಂತು, ಎರಡರದ್ದೂ ಇದೇ ಜಾತಿ. ಹತ್ತು ಜನ ಚಾಪೆಯ ಮೇಲೆ ಕೂತು ನಿಮ್ಮ ಮುಖ ನೋಡುವಾಗ ದುಡ್ಡು ತಾನಾಗಿ ಹುಟ್ಟುತ್ತದೆ.

ಇಲ್ಲಿ ಪೂರ್ವಪಕ್ಷಿಯ ಪ್ರವೇಶ. ಇವನು ಬೆಂಗಳೂರಿನ ಸಾಫ್ಟ್‌ವೇರಿನಲ್ಲಿರುವ ಸೋದರಳಿಯ, ರಜೆಯಲ್ಲಿ ಊರಿಗೆ ಬಂದವನು, ಅಂಗಡಿಯ ಬೆಂಚಿನ ಮೇಲೆ ಕೂತು ಮೊಬೈಲು ತೋರಿಸುತ್ತಾನೆ.

‘ಹ್ವಾಯ್ ಮಾವ, ಪಿಗ್ಮಿಗ್ ಎಂತ ಬಡ್ಡಿ ಸಿಕ್ಕತ್ತ್? ಅದ್ರ್ ಬದ್ಲ್ ಎಸ್‌ಐಪಿ ಮಾಡಿ ಕಾಣಿ.’

‘ನಿನ್ ಎಸ್‌ಐಪಿಯೋರ್ ದಿನಾ ಅಂಗ್ಡಿಗ್ ಬತ್ರಾ ಮಗಾ?’

‘ಅವ್ರ್ ಬಪ್ಪುದ್ ಎಂತಕ್ಕೆ? ಬ್ಯಾಂಕಿಂದ್ಲೇ ಕಟ್ ಆತ್ತ್.’

‘ಹಂಗಾರೆ ಬ್ಯಾಡ. ಎದ್ರಿಗ್ ಬಂದ್ ನಿಂತ್ಕಂಡ್ರೇ ನಾ ದುಡ್ಡ್ ಕೊಡುದ್.’

ಪೂರ್ವಪಕ್ಷಿಯ ಲೆಕ್ಕ ತಪ್ಪಲ್ಲ ಎಂದು ಇಲ್ಲಿಯೇ ಒಪ್ಪಿಕೊಳ್ಳಬೇಕು. 72ನ್ನು ಬೆಲೆ ಏರುವ ದರದಿಂದ ಭಾಗಿಸಿದರೆ ಖರ್ಚು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂದು ಹೆಚ್ಚುಕಡಿಮೆ ಸಿಗುತ್ತದೆ. ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷ. ಇವತ್ತು ತಿಂಗಳಿಗೆ ಇಪ್ಪತ್ತು ಸಾವಿರದಲ್ಲಿ ನಡೆಯುವ ಮನೆಗೆ ಇಪ್ಪತ್ನಾಲ್ಕು ವರ್ಷದ ಮೇಲೆ ಎಂಬತ್ತು ಸಾವಿರ ಬೇಕು. ಪಿಗ್ಮಿಯ ಬಡ್ಡಿ ಆ ಓಟಕ್ಕೆ ಸಾಲದು. ಆದರೆ ಮಾವನ ಮಾತೂ ಸುಳ್ಳಲ್ಲ: ಅವರಿಗೆ ಬೇಕಾದದ್ದು ಬಡ್ಡಿಯಲ್ಲ, ಸಂಜೆಯೊಳಗೆ ತನ್ನಿಂದ ತನ್ನ ದುಡ್ಡನ್ನು ಕಾಪಾಡುವ ಇನ್ನೊಬ್ಬ ಮನುಷ್ಯ. ಹೀಗೆ ಇಬ್ಬರದ್ದೂ ಸರಿಯಾದ್ದರಿಂದ ವಾದ ಚಹಾದಲ್ಲಿ ಮುಗಿಯಿತು. ಚಹಾದ ದುಡ್ಡು ಮಾವನೇ ಕೊಟ್ಟರು, ಪೂರ್ವಪಕ್ಷಿ ಮೊಬೈಲು ತೆಗೆಯುವಷ್ಟರಲ್ಲಿ.

ಸೂತ್ರದ ಎರಡನೇ ಭಾಗ ವ್ಯಯ. ಹೀಗೆ ಐವತ್ತು ಐವತ್ತಾಗಿ, ಹನ್ನೊಂದನೆಯ ಬಂಗುಡೆಯಾಗಿ, ತಪ್ಪಿಸಿದ ಟೋಲಾಗಿ ಹತ್ತು ವರ್ಷ ಕೂಡಿದ್ದು ಒಂದೇ ದಿನ ಹೋಗುತ್ತದೆ. ಆ ದಿನದ ಹೆಸರು ಮನೆ ಒಕ್ಕಲು. ಪಕ್ಕದ ಮನೆಯವರು ಆರುನೂರು ಜನಕ್ಕೆ ಬಡಿಸಿದ್ದಾರೆ, ಎರಡು ಪಾಯಸ ಮಾಡಿಸಿದ್ದಾರೆ. ನಾವು ಎಂಟುನೂರು ಎಲೆ ಹಾಕಿಸದೆ, ಮೂರನೇ ಪಾಯಸ ಮಾಡಿಸದೆ ಹೇಗೆ? ಕರೆಯದಿದ್ದರೆ ಬೇಸರವಾಗುವವರನ್ನು ಕರೆಯಬೇಕು, ಕರೆದರೂ ಬಾರದವರನ್ನೂ ಕರೆಯಬೇಕು. ಹಣ ಸಾಲದಿದ್ದರೆ ಪಿಗ್ಮಿಯ ಮೇಲೆಯೇ ಸಾಲ ಎತ್ತಬಹುದು, ಇಲ್ಲವೇ ಹೆಂಡತಿಯ ಬಳೆಯನ್ನು ಸೊಸೈಟಿಯಲ್ಲಿ ಅಡವಿಡಬಹುದು. ಆ ಬಳೆ ಒಕ್ಕಲಿನ ದಿನ ಕೈಯಲ್ಲಿರಬೇಕಾದ್ದರಿಂದ ಅಡವಿನ ತಾರೀಕನ್ನು ಮಾತ್ರ ಎಚ್ಚರದಿಂದ ಆರಿಸಬೇಕು. ಪರಊರಿನಲ್ಲಿ ದುಡಿದವರದ್ದಾದರೆ ಮನೆಗೆ ಮೂರು ಮಾಳಿಗೆ, ಎಂಟು ಕೋಣೆ. ಯಜಮಾನರು ಮುಂಬೈಯಲ್ಲಿ, ಮಕ್ಕಳು ಅದಕ್ಕೂ ಆಚೆ. ಮಳೆಗಾಲದಲ್ಲಿ ಬಾಗಿಲಿಗೆ ಬೂಸಲು ಹಿಡಿಯದಂತೆ ತೆರೆದು ಮುಚ್ಚಲು ತಿಂಗಳಿಗೆ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ. ಮರವಂತೆಯಿಂದ ಬಾರ್ಕೂರಿನ ತನಕ ಇಂಥ ಮನೆಗಳು ಎಷ್ಟಿವೆ ಎಂದು ಎಣಿಸುವ ಕೆಲಸವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ. ಅವರಿಗೆ ಉಳಿದುಕೊಳ್ಳಲು ಕೋಣೆಯ ಕೊರತೆಯಾಗದು.

ದೀರ್ಘಾವಧಿ ಹೂಡಿಕೆಗೆ ನಮ್ಮವರಿಗೆ ತಾಳ್ಮೆಯಿಲ್ಲ ಎಂಬ ಆಕ್ಷೇಪವನ್ನೂ ಇಲ್ಲಿ ಖಂಡಿಸಬೇಕು. ಪಿಪಿಎಫ್ ಎಂಬ ಖಾತೆ 1968ರಿಂದ ಇದೆ. ವರ್ಷಕ್ಕೆ ಐನೂರು ಹಾಕಿದರೂ ಖಾತೆ ಜೀವಂತ, ಒಂದೂವರೆ ಲಕ್ಷದ ತನಕ ಹಾಕಬಹುದು, ಅವಧಿ ಹದಿನೈದು ವರ್ಷ. ‘ಹದಿನೈದು ವರ್ಷವಾ? ಅಷ್ಟು ಯಾರು ಕಾಯ್ತಾರೆ ಮಾರಾಯ್ರೆ’ ಎನ್ನುವವರು ಮಂದಾರ್ತಿಯ ದೇವಿಗೆ ಯಕ್ಷಗಾನದ ಹರಕೆಯಾಟ ಬರೆಸಿ ಬಂದಿರುತ್ತಾರೆ. ದೇವಿಯ ಮೇಳಗಳು ಐದಿದ್ದರೂ ಹರಕೆಯ ಪಟ್ಟಿ ಕರಗುವುದಿಲ್ಲ. ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಕಾಯುತ್ತಾರೆ, ಒಂದು ಗೊಣಗೂ ಇಲ್ಲದೆ. ಅಂದ ಮೇಲೆ ಕೊರತೆ ತಾಳ್ಮೆಯದ್ದಲ್ಲ. ಆಟದ ದಿನ ಚೌಕಿಯ ಪೂಜೆಗೆ ಊರೆಲ್ಲ ಸೇರುತ್ತದೆ. ಪಿಪಿಎಫ್ ಪಕ್ವವಾದ ದಿನ ಯಾರೂ ಬರುವುದಿಲ್ಲ, ಚಂಡೆಯೂ ಇಲ್ಲ. ಅಂಚೆ ಇಲಾಖೆ ಈ ಬಗ್ಗೆ ಯೋಚಿಸಬಹುದು.

ಹಾಗಾದರೆ ಮುದಿಪ್ರಾಯಕ್ಕೆ ಆಧಾರವೇನು ಎಂದರೆ, ಮಗ. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಕಾದಂಬರಿ ಎಂದು ಓದುವವರಿದ್ದಾರೆ. ಈ ಶಾಸ್ತ್ರದ ದೃಷ್ಟಿಯಲ್ಲಿ ಅದು ನಿವೃತ್ತಿ ಯೋಜನೆಯ ಲಕ್ಷಣಗ್ರಂಥ. ರಾಮ ಐತಾಳರು ಕಾಸಿಗೆ ಕಾಸು ಕೂಡಿಸುತ್ತಾರೆ, ಮನೆಯ ಹೆಂಗಸರಾದ ಪಾರೋತಿ ಸರಸೋತಿಯರು ಗೇಯ್ದು ಸವೆಯುತ್ತಾರೆ, ಕೂಡಿದ್ದೆಲ್ಲ ಮಗ ಲಚ್ಚನೆಂಬ ಒಂದೇ ಖಾತೆಗೆ ಜಮೆ. ಇಂಗ್ಲಿಷು ಕಲಿತ ಲಚ್ಚ ಆಸ್ತಿಯನ್ನು ಕರಗಿಸುತ್ತಾನೆ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಐದು ಲಕ್ಷದ ತನಕ ಬರುತ್ತದೆ. ಲಚ್ಚನಿಗೆ ಅಂಥ ವಿಮೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಳ್ಳೆಯ ಮಗನೇ ಆದರೂ ತೊಡಕು ತಪ್ಪದು. ಕೇಳಲು ದಾಕ್ಷಿಣ್ಯ. ಫೋನಿನಲ್ಲಿ ‘ಎಂತಾದ್ರೂ ಬೇಕಾ ಅಪ್ಪಯ್ಯ?’ ಎಂದರೆ ‘ಎಂತದೂ ಬ್ಯಾಡ, ನೀವ್ ಚೆಂದ ಇದ್ರೆ ಸಾಕ್’ ಎನ್ನುವವರೇ ಎಲ್ಲ. ಆ ತಿಂಗಳ ಮಾತ್ರೆ ಅರ್ಧರ್ಧ ಮುರಿದು ನುಂಗಿದ್ದು ಫೋನಿನಲ್ಲಿ ಕಾಣುವುದಿಲ್ಲ.

ಇನ್ನು ಹೋಟೆಲು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಎಂಟಿಆರ್ ಆಗಿ ಬೆಳೆಯಿತು. ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ಈ ಸೀಮೆಯ ಮಿತವ್ಯಯದ ಅತ್ಯಂತ ರುಚಿಕರ ಉದಾಹರಣೆ. ಆ ದಾರಿಯಲ್ಲಿ ಹೋಗಿ ಮಾಲೀಕರಾದವರ ಹೆಸರು ಎಲ್ಲರಿಗೂ ಗೊತ್ತು. ಹತ್ತನೇ ವಯಸ್ಸಿಗೆ ಲೋಟ ತೊಳೆಯಲು ಸೇರಿ, ಸಪ್ಲೈಯರ್ ಆಗಿ, ಭಟ್ಟರಾಗಿ, ಅರವತ್ತಕ್ಕೆ ಮಂಡಿನೋವಿನೊಡನೆ ಊರಿಗೆ ಮರಳಿದವರು ಎಷ್ಟೋ ಮಂದಿ. ಪಿಎಫ್ ಕೇಳಿದ್ದಿರಾ ಎಂದರೆ, ‘ಧಣಿ ಮನೆಯವ್ರ್ ಹಂಗೆ ಕಂಡಿದ್ರ್, ಅವ್ರತ್ರ ಹ್ಯಾಂಗ್ ಕೇಂಬುದ್?’ ಎನ್ನುತ್ತಾರೆ. ಸೂತ್ರ ಇಲ್ಲಿ ತನ್ನ ಪೂರ್ಣ ಬಲದಲ್ಲಿ ಕೆಲಸ ಮಾಡಿದೆ. ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಬಂತು: ಹದಿನೆಂಟನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 210 ರೂಪಾಯಿಗೆ ಅರವತ್ತರ ಮೇಲೆ ತಿಂಗಳಿಗೆ ಐದು ಸಾವಿರ. ಆದರೆ ನಲವತ್ತು ದಾಟಿದವರಿಗೆ ಪ್ರವೇಶವಿಲ್ಲ, ಮತ್ತು ಪಿಂಚಣಿಯ ಯೋಚನೆ ನಮ್ಮಲ್ಲಿ ಹುಟ್ಟುವುದೇ ನಲವತ್ತೊಂದಕ್ಕೆ.

ಈ ಗ್ರಂಥ ಬರೆಯುವಾಗ ಮನೆಮನೆಯ ಚಾವಡಿಯಲ್ಲಿ ಪಿಂಚಣಿದಾರರನ್ನು ಹುಡುಕಿದರೆ ಸಿಕ್ಕಿದವರು ಯಾರು? ಮೇಷ್ಟ್ರುಗಳನ್ನೂ ಬ್ಯಾಂಕಿನವರನ್ನೂ ಬಿಟ್ಟರೆ, ಬೀಡಿ ಕಟ್ಟಿದ ಅಜ್ಜಿ. ಮೊಣಕಾಲ ಮೇಲೆ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬೀಡಿ ಕಂಪೆನಿಯ ಬ್ರಾಂಚಿಗೆ ಹೊತ್ತುಕೊಂಡು ಹೋಗಿ ಕೊಟ್ಟವರು. 1977ರಲ್ಲಿ ಬೀಡಿ ಉದ್ಯಮ ಭವಿಷ್ಯನಿಧಿ ಕಾಯಿದೆಯೊಳಗೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ನೌಕರರೇ, ಅವರಿಗೂ ಪಿಎಫ್ ಸಲ್ಲಬೇಕು ಎಂಬುದನ್ನು 1985ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಬ್ರಾಂಚಿನ ಪುಸ್ತಕದಲ್ಲಿ ಹೆಸರಿದ್ದವರ ಕೂಲಿಯಲ್ಲಿ ಒಂದು ಪಾಲು ಕೈಗೆ ಬರುವ ಮೊದಲೇ ಕಳೆಯಿತು, ಮಾಲೀಕರದ್ದೂ ಒಂದು ಪಾಲು ಸೇರಿತು. ಯಾರೂ ಬಾಗಿಲಿಗೆ ಬರಲಿಲ್ಲ, ಯಾರ ಮುಖವೂ ನೋಡಬೇಕಾಗಲಿಲ್ಲ, ಮನೆ ಒಕ್ಕಲಿಗೆ ಎತ್ತಿ ಕೊಡೋಣವೆಂದರೆ ಕೈಗೆ ಸುಲಭವಾಗಿ ಸಿಗಲೂ ಇಲ್ಲ. ನಮ್ಮ ಸೂತ್ರಕ್ಕೆ ಇಡೀ ಸೀಮೆಯಲ್ಲಿ ಸಿಕ್ಕಿದ ಒಂದೇ ಅಪವಾದ ಇದು. ಹಾಗೆಂದು ಅದರಿಂದ ಬರುವ ಪಿಂಚಣಿಯ ಮೊತ್ತ ದೊಡ್ಡದೆಂದು ತಿಳಿಯಬೇಡಿ. ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು; ಬೀಡಿಯ ಕೂಲಿಗೆ ಅದು ಎಷ್ಟಾದೀತು? 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ ಸಾವಿರ ರೂಪಾಯಿ ಎಂದಾಯಿತು. ಆಮೇಲಿನ ಹತ್ತು ವರ್ಷದಲ್ಲಿ ತೆಂಗಿನಕಾಯಿಯೂ ಅಕ್ಕಿಯೂ ಎಲ್ಲಿಗೆ ಹೋದವೆಂದು ಗೊತ್ತಿದೆ, ಆ ಸಾವಿರ ಕದಲಲಿಲ್ಲ. ಆದರೂ ಮೊಮ್ಮಗಳ ಪೆನ್ಸಿಲು ಡಬ್ಬಿಗೆ ಮಗನನ್ನು ಕೇಳದೆ ದುಡ್ಡು ಕೊಡುವವರು ಮನೆಯಲ್ಲಿ ಅವರೊಬ್ಬರೇ. ಮೂರು ಮಾಳಿಗೆಯ ಯಜಮಾನರಿಗೆ ಆ ಭಾಗ್ಯವಿಲ್ಲ.

ಫಲಶ್ರುತಿ ಬರೆಯುವುದು ಪದ್ಧತಿ. ಇದನ್ನು ಪಕ್ಕದ ಮನೆಯ ಪತ್ರಿಕೆ ತಂದು ಓದಿದವರು ಸಂಜೆಯೊಳಗೆ ವಾಪಸು ಕೊಟ್ಟರೆ ಸಾಕು, ಬೇರೆ ಪುಣ್ಯ ಬೇಡ. ಆದರೆ ನಿಮ್ಮ ಮನೆಯಲ್ಲಿ ಬೀಡಿ ಪಿಂಚಣಿಯ ಅಜ್ಜಿ ಇದ್ದರೆ ಒಂದು ಕೆಲಸ ಮಾಡಿ. ತಾವು ಬದುಕಿದ್ದೇವೆಂದು ಅವರು ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಕೊಟ್ಟ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ, ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಎಲೆ ಸುರುಳಿ ಸುತ್ತಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದೆ ಹೋಗುವುದುಂಟು. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಕೈಯಲ್ಲಿ ಒಳ್ಳೆಯ ಮೊಬೈಲಿರುವ ಪೂರ್ವಪಕ್ಷಿಗಳು ರಜೆ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಅಜ್ಜಿಯನ್ನು ಅಂಗಳದ ಬೆಳಕಿನಲ್ಲಿ ಕೂರಿಸಿ ಅದೊಂದನ್ನು ಮಾಡಿಕೊಟ್ಟು ಹೋಗಿ.