ಪಾಸ್‌ಬುಕ್ಕಿನಲ್ಲಿ ಭೂಕಂಪ

ಮೊನ್ನೆ ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಡೊಂಬಿವಲಿ ಮನೆಯ ಅಡುಗೆ ಕಪಾಟಿನಲ್ಲಿ ಸ್ಟೀಲು ಲೋಟಗಳು ಕಿಣಿಕಿಣಿ ಅಂದವು. "ರೀ, ಏಳಿ, ಭೂಕಂಪ!" ಅಂದಳು ಹೆಂಡತಿ. ನಾನು ಏಳಲಿಲ್ಲ. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವನು ಲೋಟದ ಮಾತಿಗೆಲ್ಲ ಏಳುವುದಿಲ್ಲ. ಮೊದಲು ವಿಚಾರಣೆ ಆಗಬೇಕು. ಗೂಡ್ಸ್ ಗಾಡಿ ಹೋಯಿತೇ? ಹಿಂದಿನ ಗಲ್ಲಿಯಲ್ಲಿ ಹಳೇ ಬಿಲ್ಡಿಂಗು ಕೆಡವಿ ರೀಡೆವಲಪ್‌ಮೆಂಟ್ ನಡೆದಿದೆಯಲ್ಲ, ಅಲ್ಲಿ ಕಳ್ಳತನದಲ್ಲಿ ಪೈಲಿಂಗ್ ಹೊಡೆಯುತ್ತಿದ್ದಾರೆಯೇ? ಮೇಲಿನ ಮನೆಯ ಹುಡುಗ ಡಂಬೆಲ್ ಬೀಳಿಸಿದನೇ? ಎಂಐಡಿಸಿಯಲ್ಲಿ ಏನಾದರೂ ಸಿಡಿಯಿತೇ? 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಇನ್ನೊಮ್ಮೆ ಅಲ್ಲಿನ ಕೆಮಿಕಲ್ ಕಾರ್ಖಾನೆಗಳು ಸಿಡಿದಾಗ ದೂರದ ಮನೆಗಳ ಕಿಟಕಿ ಗಾಜೂ ಉದುರಿತ್ತು. ಇಷ್ಟು ಜನ ಆರೋಪಿಗಳು ಖುಲಾಸೆಯಾದ ಮೇಲೆ ಭೂಕಂಪದ ಸರದಿ. ಊರಲ್ಲಾದರೆ ನಡುಗುವುದಕ್ಕೆ ಭೂಮಿ ಒಂದೇ ಇರುತ್ತದೆ. ಇಲ್ಲಿ ಅದೂ ಕ್ಯೂ ನಿಲ್ಲಬೇಕು.

ಬೆಳಿಗ್ಗೆ ಲೋಕಲ್ಲಿನಲ್ಲಿ ವಿಷಯ ಎತ್ತಿದ್ದು ನಾನಲ್ಲ, ಭಾವ. ನನ್ನ ಹೆಂಡತಿಯ ಅಣ್ಣ, ನಮ್ಮದೇ ಬಿಲ್ಡಿಂಗಿನ ಎರಡನೇ ಮಾಳಿಗೆಯವರು. ಸರಕಾರದ ಭೂಕಂಪ್ ಆ್ಯಪು ಮೊಬೈಲಿಗೆ ಹಾಕಿಕೊಂಡ ದಿನದಿಂದ ಅವರ ಪಾಲಿಗೆ ಭೂಮಿ ಒಂದು ಕ್ಷಣ ಸುಮ್ಮನೆ ಕೂತದ್ದಿಲ್ಲ. ಠಾಣೆ ಬರುವಷ್ಟರಲ್ಲಿ ಹಿಂದೂಕುಶ್, ಘಾಟ್‌ಕೋಪರಿಗೆ ಅಂಡಮಾನ್, ಕುರ್ಲಾದಲ್ಲಿ ಮಣಿಪುರ. "ಈಚೆಗೆ ವಿಪರೀತ ಆಯ್ತು ಮಾರಾಯ್ರೆ. ಮೊದಲೆಲ್ಲ ಹೀಗಿತ್ತಾ? ಭೂಮಿಗೆ ಭಾರ ತಡೀತಾ ಇಲ್ಲ" ಅಂದರು. ಬಾಗಿಲಿಗೆ ನೇತುಬಿದ್ದಿದ್ದವರು, ಭಾರ ತಡೆಯದೆ ಇರುವುದು ಡಬ್ಬಕ್ಕೆ, ಭೂಮಿಗಲ್ಲ ಎಂಬರ್ಥದಲ್ಲಿ ಒಮ್ಮೆ ತಿರುಗಿ ನೋಡಿದರು.

ಅವತ್ತು ಡಬ್ಬದಲ್ಲಿ ಮಾಮ ಇದ್ದದ್ದು ಭಾವನ ದುರದೃಷ್ಟ. ಮಾಮ ಬ್ಯಾಂಕಿನಿಂದ ರಿಟೈರಾದವರು. ವಾರಕ್ಕೊಮ್ಮೆ ಮಾಟುಂಗಾದಿಂದ ಕಾಫಿಪುಡಿ ತರುವ ನೆಪದಲ್ಲಿ ನಮ್ಮೊಡನೆ ನೂಕಾಡಿಕೊಂಡು ಬರುತ್ತಾರೆ. ನೂಕದೆ ಇದ್ದರೆ ಅವರಿಗೆ ಊಟ ಸೇರುವುದಿಲ್ಲ.

"ಹೇಳು, ತೊಂಬತ್ತರಲ್ಲಿ ನಿನ್ನ ಪಾಸ್‌ಬುಕ್ಕಲ್ಲಿ ತಿಂಗಳಿಗೆ ಎಷ್ಟು ಎಂಟ್ರಿ?"

"ಎರಡು. ಸಂಬಳ ಬಂತು, ಸಂಬಳ ಹೋಯ್ತು."

"ಈಗ?"

"ದಿನಕ್ಕೆ ಹತ್ತು. ಕಟಿಂಗ್ ಚಹಾಕ್ಕೂ ಫೋನಲ್ಲೇ ಅಲ್ವಾ ಕೊಡೋದು."

"ಹಾಗಂತ ನೀನು ದೊಡ್ಡ ಖರ್ಚಿನವ ಆದಿಯೋ? ಮೊದಲೂ ಚಹಾ ಕುಡೀತಿದ್ದೆ. ಬರೆದುಕೊಳ್ಳುವವರು ಇರಲಿಲ್ಲ."

ಆಮೇಲೆ ಮಾಮನ ಲೆಡ್ಜರು ತೆರೆಯಿತು. 1931ರಲ್ಲಿ ಇಡೀ ಜಗತ್ತಿಗೆ ಭೂಕಂಪ ಅಳೆಯುವ ಕೇಂದ್ರಗಳು ಇದ್ದದ್ದೇ ಸುಮಾರು 350. ಈಗ ಸಾವಿರಗಟ್ಟಲೆ. ನಮ್ಮ ದೇಶದಲ್ಲೇ 2014ರಲ್ಲಿ 80ರಷ್ಟಿದ್ದದ್ದು ಈಗ 160 ದಾಟಿದೆ. ಅಮೆರಿಕದ ಭೂಕಂಪ ಕೇಂದ್ರವೊಂದೇ ವರ್ಷಕ್ಕೆ 20,000ದಷ್ಟು ಕಂಪನಗಳ ಜಾಗ ಗುರುತಿಸುತ್ತದೆ, ಅಂದರೆ ದಿನಕ್ಕೆ 55. "ಇವೆಲ್ಲ ಕಟಿಂಗ್ ಚಹಾ" ಅಂದರು ಮಾಮ. "ದೊಡ್ಡ ಚೆಕ್ಕು ನೋಡು. ಏಳು ಮತ್ತು ಅದಕ್ಕಿಂತ ಮೇಲಿನದು ವರ್ಷಕ್ಕೆ ಸರಾಸರಿ ಹದಿನಾರು. 2010ರಲ್ಲಿ 23 ಆಯ್ತು, ಲೋಕ ಮುಳುಗ್ತದೆ ಅಂದರು. 1989ರಲ್ಲಿ ಆರೇ ಆರು. ಆಗ ಯಾರಾದರೂ ಭೂಮಿ ತಾಯಿಗೆ ಒಂದು ತೆಂಗಿನಕಾಯಿ ಒಡೆದರೋ?"

ಭಾವ ಸೋಲುವವರಲ್ಲ. ಸಂಪಾಜೆಯ ಅಸ್ತ್ರ ತೆಗೆದರು. 2022ರ ಜೂನ್, ಜುಲೈಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ಮೇಲಿಂದ ಮೇಲೆ ನಡುಗಿತ್ತಲ್ಲ, ಆಗ ಊರಿನಿಂದ ಅತ್ತೆಯ ಫೋನು ಬರುತ್ತಲೇ ಇತ್ತು: ಅಟ್ಟದ ಪಾತ್ರೆ ಉರುಳಿತು, ದನ ಕೂಗಿತು, ಮಳೆಗೆ ಹೊರಗೆ ನಿಲ್ಲಲೋ ಒಳಗೆ ಸಾಯಲೋ. "ಅದು ಸುಳ್ಳಾ?" ಸುಳ್ಳಲ್ಲ. ದೊಡ್ಡದೆಂದರೆ ಮೂರರಷ್ಟು. ಆದರೆ ಈ ಅಂಕಿ ಚಕ್ರಬಡ್ಡಿಯಂಥದು, ಒಂದು ಮೆಟ್ಟಿಲು ಏರಿದರೆ ಶಕ್ತಿ ಸುಮಾರು 32 ಪಟ್ಟು. 2001ರ ಜನವರಿ 26ರ ಭುಜ್ ಭೂಕಂಪ 7.7. ಮಾಮ ಮುಂದಿನ ಸ್ಟೇಶನ್ ಬರುವಷ್ಟರಲ್ಲಿ ಬೆರಳೆಣಿಸಿ ತೀರ್ಪು ಕೊಟ್ಟರು: ಅತ್ತೆಯ ಪಾತ್ರೆ ಉರುಳಿಸಿದ್ದರ ಒಂದು ಕೋಟಿ ಪಟ್ಟಿಗೂ ಮೇಲೆ. ಐನೂರು ಕಿಲೋಮೀಟರಿಗೂ ಆಚೆ ಆದದ್ದಕ್ಕೆ ಇಲ್ಲಿ ಗಣರಾಜ್ಯೋತ್ಸವದ ರಜೆಯಲ್ಲಿ ಮಲಗಿದ್ದ ಮೇಲಿನ ಮಾಳಿಗೆಯವರು ಬನಿಯನ್ನಿನಲ್ಲೇ ಮೆಟ್ಟಿಲಿಳಿದಿದ್ದರು.

ನನಗೆ ಅಪ್ಪನ ಕಥೆ ನೆನಪಾಯಿತು. 1967ರ ಡಿಸೆಂಬರ್ 11ರ ಬೆಳಗಿನ ಜಾವ, ನಾಲ್ಕೂ ಇಪ್ಪತ್ತರ ಹೊತ್ತು. ಅಪ್ಪ ಕೋಟೆ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಮೇಜು ಜೋಡಿಸಿ ಮಲಗುತ್ತಿದ್ದ ಹುಡುಗ. ಮೇಜು ಅಲ್ಲಾಡಿತಂತೆ. ರುಬ್ಬುವವನು ಇವತ್ತು ಬೇಗ ಎದ್ದ ಅಂದುಕೊಂಡು ಮಗ್ಗುಲು ಬದಲಿಸಿದರಂತೆ. ರುಬ್ಬುವವನು ಪಕ್ಕದ ಮೇಜಿನ ಮೇಲೇ ಇದ್ದ. ಕೊಯ್ನಾದಲ್ಲಿ ಸುಮಾರು ಇನ್ನೂರು ಜನ ಸತ್ತದ್ದು, ಅಣೆಕಟ್ಟಿಗೆ ನೀರು ತುಂಬಿದ್ದೇ ನೆಲವನ್ನು ಕೆಣಕಿತೇ ಎಂಬ ದೊಡ್ಡ ಚರ್ಚೆ, ಎಲ್ಲ ಆಮೇಲೆ. ಅಪ್ಪನಿಗೆ ನೆನಪಿದ್ದದ್ದು ಆ ದಿನ ಇಡ್ಲಿ ತಡವಾಗಿ ಧಣಿಗಳು ಬೈದದ್ದು.

ಮುಂಬಯಿಯ ಹಳೇ ಖಾತೆಯಲ್ಲಿ ಇನ್ನೊಂದು ತಮಾಷೆ ಇದೆ. 1618ರ ಮೇ ತಿಂಗಳಲ್ಲಿ ಇಲ್ಲಿ ಭೂಕಂಪವಾಗಿ ಎರಡು ಸಾವಿರ ಜನ ಸತ್ತರು ಅಂತ ಪಟ್ಟಿಗಳಲ್ಲಿ ಬರೆದಿತ್ತು. ಮುಂದೆ ಮೂಲ ಕೆದಕಿದ ವಿದ್ವಾಂಸರು, ಅದು ಭೂಕಂಪವಲ್ಲ, ಭಾರೀ ಬಿರುಗಾಳಿ ಅಂದರು. ನೋಡಿ, ನಾಲ್ಕು ಶತಮಾನದ ಹಿಂದೆಯೂ ಈ ಊರಿನಲ್ಲಿ ಅಲ್ಲಾಡಿಸಿದ್ದು ಯಾರೆಂದು ಪತ್ತೆಯಾಗುತ್ತಿರಲಿಲ್ಲ.

ಹಾಗಂತ ಭಯವೆಲ್ಲ ಹುಸಿ ಎಂದು ಮಾಮನೂ ಹೇಳಲಿಲ್ಲ. ನಮ್ಮ ಪಶ್ಚಿಮ ರೈಲ್ವೆಯ ಲೋಕಲ್ ಹೋಗುವ ಡಹಾಣುವಿನ ಆಚೆ, ತಲಾಸರಿ, ಧುಂದಲವಾಡಿ ಕಡೆ 2018ರ ನವೆಂಬರಿನಿಂದ ತಿಂಗಳುಗಟ್ಟಲೆ ನೆಲ ನಡುಗಿ, ಜನ ಮನೆ ಇದ್ದೂ ಚಳಿಯಲ್ಲಿ ಟೆಂಟಿನಲ್ಲಿ ಮಲಗಿದರು. ಕಿಲ್ಲಾರಿಯ ಹೆಸರು ಬಂದಾಗ ಮಾಮ ದನಿ ತಗ್ಗಿಸಿದರು. 1993ರ ಸೆಪ್ಟೆಂಬರ್ 30, ಗಣಪತಿ ಮುಳುಗಿಸಿ ಬಂದು ಮಲಗಿದ ರಾತ್ರಿ. ಬರೀ 6.2. ಹೆದರಿಕೆಯೇ ಇಲ್ಲವೆಂದು ನಕ್ಷೆಯ ಒಂದನೇ ವಲಯಕ್ಕೆ ಹಾಕಿದ್ದ ಜಾಗ. ಹತ್ತಿರ ಹತ್ತು ಸಾವಿರ ಜನ. "ಅವರನ್ನು ಕೊಂದದ್ದು ಮಣ್ಣಲ್ಲಿ ಪೇರಿಸಿದ ಕಲ್ಲುಗೋಡೆ ಮಾರಾಯ. ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲೂ ಹಾಗೇ, ಕೆಳಗೆ ಪಾರ್ಕಿಂಗಿಗೆಂದು ಬರೀ ಕಂಬ ಬಿಟ್ಟು ಮೇಲೆ ಮನೆ ಕಟ್ಟಿದವು ಕೂತುಬಿಟ್ಟವು. ಮುಂಬಯಿ ಮೂರನೇ ವಲಯ ಅಂತ ಬರೆದು ಎಷ್ಟೋ ವರ್ಷ ಆಯ್ತು. ಅದಿರಲಿ, ನಿಮ್ಮ ಬಿಲ್ಡಿಂಗಿನ ಸ್ಟ್ರಕ್ಚರಲ್ ಆಡಿಟ್ ಏನಾಯ್ತು?"

ಡಬ್ಬದಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಕಿಟಕಿಯಾಚೆ ಏನೋ ಕಂಡಿತು. ಹೋದ ಸೊಸೈಟಿ ಮೀಟಿಂಗಿನಲ್ಲಿ ಆಡಿಟ್ಟಿಗೆ ತಲಾ ಎರಡು ಸಾವಿರ ಕೇಳಿದಾಗ "ಇದು ಗಟ್ಟಿ ಬಿಲ್ಡಿಂಗು, ದುಡ್ಡು ದಂಡ" ಎಂದು ಎಲ್ಲರಿಗಿಂತ ಮೊದಲು ಎದ್ದು ನಿಂತವರು ಭಾವ. ಅವರ ಹಿಂದೆಯೇ ಕೈ ಎತ್ತಿದವನು ನಾನು. ಇದನ್ನು ಮಾಮನಿಗೆ ಹೇಳಲಿಲ್ಲ.

ಸಂಜೆ ಮನೆಗೆ ಬಂದರೆ ನೋಟಿಸ್ ಬೋರ್ಡಿನಲ್ಲಿ ಸೆಕ್ರೆಟರಿಯವರ ಚೀಟಿ: ಅನುಮತಿಯಿಲ್ಲದೆ ರಾತ್ರಿ ಹೊತ್ತು ಗೋಡೆ ಒಡೆಯುವವರಿಗೆ ದಂಡ. ಎರಡನೇ ಮಾಳಿಗೆಯ ಮೆಟ್ಟಿಲಲ್ಲಿ ಸಿಮೆಂಟು ಧೂಳು, ಬಾಗಿಲ ಹೊರಗೆ ಮೂರು ಗೋಣಿ ತುಂಬ ಇಟ್ಟಿಗೆ ಚೂರು. ಅತ್ತಿಗೆಗೆ ಓಪನ್ ಕಿಚನ್ ಬೇಕಿತ್ತಂತೆ. ಹಗಲು ಒಡೆದರೆ ಸೆಕ್ರೆಟರಿ ಬರುತ್ತಾರೆಂದು ರಾತ್ರಿ ಹನ್ನೊಂದಕ್ಕೆ ಕಾಂಟ್ರಾಕ್ಟರನ ಹುಡುಗರನ್ನು ಕರೆಸಿದ್ದರಂತೆ.

"ಭಾವ, ನಮ್ಮ ಲೋಟ ಎಲ್ಲ ನಡುಗಿತಲ್ಲ" ಅಂದೆ.

ಭಾವ ಮೊಬೈಲು ಕೆಳಗಿಟ್ಟು ಧೂಳು ಕೊಡವಿಕೊಂಡರು. "ಅದು ಸಣ್ಣದು ಮಾರಾಯ್ರೆ. ಮೂರರ ಒಳಗೇ."