ಹುಮನಾಬಾದಿನಲ್ಲಿ ಗೂಢಚಾರ

ಗೂಢಚಾರ ಕಾದಂಬರಿಗೆ ಬರ್ಲಿನ್ನೇ ಬೇಕೆಂದವರಾರು? 1948ರ ಸೆಪ್ಟೆಂಬರಿನಲ್ಲಿ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ‘ಆಪರೇಷನ್ ಪೋಲೊ’ದ ಸೇನೆ ಸೊಲ್ಲಾಪುರದಿಂದ ಹೈದರಾಬಾದಿನತ್ತ ನುಗ್ಗಿದ್ದು ನಮ್ಮ ಹುಮನಾಬಾದಿನ ಹಾದಿಯಲ್ಲೇ. ಅಡಗಲು ಬಸವಕಲ್ಯಾಣದ ಕೋಟೆಯಿದೆ. ಗುಟ್ಟಾಡಲು ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇವೆ.

ತೊಡಕೆಲ್ಲ ನಾಯಕನದು. ಕರಿ ಕನ್ನಡಕ ಹಾಕಿ ಹುಮನಾಬಾದಿನಲ್ಲಿ ಬಸ್ಸಿಳಿದನೋ, ಚಹಾದಂಗಡಿಯವ ಕಪ್ಪು-ಬಸಿ ಮುಂದಿಡುತ್ತ, ‘ಎಲ್ಲಿಂದ ಬಂದ್ರಿ? ಯಾರ ಮನಿಗಿ ಹೊಂಟೀರಿ?’ ಎನ್ನುತ್ತಾನೆ. ಪಕ್ಕದ ಹಿರಿಯರು, ‘ಕಣ್ಣು ಬಂದಾವೇನ್ರಿ?’ ಎಂದು ಮರುಗುತ್ತಾರೆ. ಬಸಿ ಖಾಲಿಯಾಗುವುದರೊಳಗೆ ಅವನ ಊರು, ಸಂಬಳ, ಇನ್ನೂ ಮದುವೆಯಾಗದ ಕಾರಣ ಎಲ್ಲ ಬಯಲು!

ಬಾಂಡ್‌ನನ್ನು ಹುಟ್ಟಿಸುವ ಮೊದಲು ಇಯಾನ್ ಫ್ಲೆಮಿಂಗ್ ಬ್ರಿಟಿಷ್ ನೌಕಾ ಬೇಹುಗಾರಿಕೆಯಲ್ಲಿ ದುಡಿದಿದ್ದರು. ನನಗೆ ಅಷ್ಟು ಕಷ್ಟವಿಲ್ಲ; ಚಹಾದಂಗಡಿಯವನನ್ನೇ ನಾಯಕ ಮಾಡಿದರಾಯಿತು.